ಕಾವೇರಿಯ ನೀರಿನೊಳಗೆ ಏನಿದೆ ಅಂತ ನಮ್ಮ ಮಕ್ಕಳಿಗೆ ತೋರಿಸಲು ಅನುಮತಿ ಕೊಡಿ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆ ಮತ್ತು ಅರಣ್ಯ ಇಲಾಖೆಯ ಅಧಿಕಾರಿಗಳಿಗೆ, ಜೊತೆಗೆ ಜಿಲ್ಲೆಯ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಟೀಚರ್. ನಮ್ಮ ಶಾಲೆಯಿಂದ ಹೊಳೆಗೆ ನಡೆದರೆ ಇಪ್ಪತ್ತು ನಿಮಿಷ. ಮಳೆಗಾಲದಲ್ಲಿ ಕಟ್ಟೆಯಿಂದ ನೀರು ಬಿಟ್ಟರೆ ರಾತ್ರಿಯೆಲ್ಲ ಅದರ ಸದ್ದು ಮನೆಗೇ ಕೇಳಿಸುತ್ತದೆ.

ಹೋದ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ಕಾವೇರಿಯಲ್ಲಿ ಬದುಕುವ ಐದು ಮೀನುಗಳ ಹೆಸರು ಬರೆಯಿರಿ ಅಂದೆ. ಪುಸ್ತಕ ನೋಡಬೇಡಿ, ಪಕ್ಕದವರನ್ನು ಕೇಳಬೇಡಿ, ಗೊತ್ತಿದ್ದಷ್ಟು ಸಾಕು. ಸ್ಟಾಫ್ ರೂಮಿನಲ್ಲಿ ಕೂತು ಚೀಟಿ ಬಿಚ್ಚಿದೆ. ಶಾರ್ಕ್. ಡಾಲ್ಫಿನ್. ಗೋಲ್ಡ್ ಫಿಶ್. ತಿಮಿಂಗಿಲ ಅಂತ ಮೂವರು ಬರೆದಿದ್ದರು. ಮನೆಯಲ್ಲಿ ಮೀನು ತಿನ್ನುವ ಮಕ್ಕಳು ಜಿಲೇಬಿ, ಕಾಟ್ಲಾ, ರೋಹು ಅಂತ ಬರೆದಿದ್ದರು. ಆ ಮೂರೂ ಬೇರೆ ಕಡೆಯಿಂದ ತಂದು ಬಿಟ್ಟ ಮೀನುಗಳು, ನಮ್ಮ ಹೊಳೆಯವಲ್ಲ. ಎಷ್ಟೋ ಚೀಟಿಗಳು ಖಾಲಿ ಇದ್ದವು.

ಒಂದು ಚೀಟಿ ಮಾತ್ರ ಬೇರೆ ಥರ ಇತ್ತು. ಬೆಸ್ತರ ಬೀದಿಯ ಹುಡುಗನದು. ಕೊನೆ ಬೆಂಚು, ಪರೀಕ್ಷೆಯಲ್ಲಿ ಅಂಕ ಕಡಿಮೆ. ಗೆಂಡೆ, ಕೊರವ, ಬಾಳೆ ಮೀನು, ಚೇಳು ಮೀನು, ಹಾವು ಮೀನು, ಬಿಳಿ ಮೀನು ಅಂತ ಒಂದೇ ಉಸಿರಿನಲ್ಲಿ ಬರೆದ ಹಾಗೆ ಬರೆದಿದ್ದ. ಕೆಳಗೆ ಸಣ್ಣದಾಗಿ, 'ಚೇಳು ಮೀನು ಮುಟ್ಟಬಾರದು ಮಿಸ್, ಚುಚ್ಚುತ್ತೆ' ಅಂತ ಸೇರಿಸಿದ್ದ. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಇದೇ ಮಕ್ಕಳನ್ನು ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಕನ್ನಂಬಾಡಿ ಕಟ್ಟೆ ತುಂಬಿದರೆ ಎಷ್ಟು ಅಡಿ? 124.80 ಅಂತ ಇಡೀ ಕ್ಲಾಸು ಒಟ್ಟಿಗೆ ಹೇಳುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ತಮಿಳುನಾಡಿಗೆ ಎಷ್ಟು ನೀರು ಅಂದಿತು? 177.25 ಟಿಎಂಸಿ, ಅದೂ ಗೊತ್ತು. ಮಂಡ್ಯದಲ್ಲಿ ಬೆಳಗ್ಗೆ ಪೇಪರ್ ಬಿಚ್ಚಿದರೆ ಮೊದಲು ನೋಡುವುದೇ ಕಟ್ಟೆಯ ಮಟ್ಟ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ನಾಲೆಗೆ ಯಾವಾಗ ಬಿಡುತ್ತಾರೆ. ನೀರಿಗಾಗಿ ಬೀದಿಗಿಳಿದ ಜಿಲ್ಲೆ ನಮ್ಮದು, ಮಕ್ಕಳಿಗೆ ಈ ಲೆಕ್ಕ ಗೊತ್ತಿರಬೇಕಾದ್ದೇ. ಆದರೆ ಆ ನೀರಿನಲ್ಲಿ ಯಾರು ಬದುಕಿದ್ದಾರೆ ಅಂತಲೂ ಅವರಿಗೆ ಗೊತ್ತಾಗಬೇಕು ಅಲ್ವಾ?

ಅದಕ್ಕೇ ಈ ಪತ್ರ. ನನ್ನ ಕೋರಿಕೆ ಒಂದೇ. ಜಿಲ್ಲೆಯ ಶಾಲಾ ಮಕ್ಕಳಿಗೆ ವರ್ಷಕ್ಕೊಮ್ಮೆ ಹೊಳೆಯೊಳಗೆ ಇಣುಕಿ ನೋಡುವ ಅವಕಾಶ ಮಾಡಿಕೊಡಿ. ಅರಣ್ಯ ಇಲಾಖೆ ಆರಿಸಿದ ಜಾಗದಲ್ಲಿ, ಮೊಣಕಾಲುದ್ದದ ತಿಳಿನೀರಿನಲ್ಲಿ, ಕಣ್ಣಿಗೆ ಗಾಜಿನ ಮಾಸ್ಕು, ಬಾಯಿಗೆ ಉಸಿರಾಡುವ ಕೊಳವೆ, ಮೈಗೆ ಲೈಫ್ ಜಾಕೆಟ್ಟು ಹಾಕಿಸಿ. ಇದನ್ನು ಸ್ನಾರ್ಕೆಲಿಂಗ್ ಅನ್ನುತ್ತಾರೆ. ಹೆಸರು ಕೇಳಿದರೆ ಅಂಡಮಾನ್, ನೇತ್ರಾಣಿ ನೆನಪಾಗುತ್ತದೆ, ಹಣವಿದ್ದವರ ಮೋಜು ಅನಿಸುತ್ತದೆ. ನಾನು ಕೇಳುತ್ತಿರುವುದು ಅದನ್ನಲ್ಲ.

ನೀರು ಅಂದ ಕೂಡಲೇ ನಿಮ್ಮ ಎದೆಯಲ್ಲಿ ಏಳುವ ಭಯ ನನ್ನ ಎದೆಯಲ್ಲೂ ಇದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಸಮುದ್ರದ ಪಾಲಾದರು. ಆ ಸುದ್ದಿ ಬಂದ ದಿನ ನಮ್ಮ ಶಾಲೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅದಕ್ಕೂ ಹಿಂದೆ, 2018ರ ನವೆಂಬರ್ 24ರಂದು, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವತ್ತು ಶನಿವಾರ. ಸ್ಕೂಲು ಮುಗಿಸಿಕೊಂಡು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಬಲಮುರಿ, ಎಡಮುರಿ, ಮುತ್ತತ್ತಿಯಲ್ಲಿ ರಜಾ ದಿನ ಆಡಲು ಬಂದು ವಾಪಸ್ ಹೋಗದವರು ಎಷ್ಟೋ ಜನ. ಇಷ್ಟನ್ನೂ ಕಂಡ ಜಿಲ್ಲೆಯಲ್ಲಿ ಟೀಚರೊಬ್ಬಳು ಮಕ್ಕಳನ್ನು ಹೊಳೆಗಿಳಿಸಿ ಅಂದರೆ ಸಿಟ್ಟು ಬರುವುದು ಸಹಜ. ಆದರೂ ಕೇಳುತ್ತಿದ್ದೇನೆ, ಯಾಕೆ ಅಂತ ಹೇಳುತ್ತೇನೆ.

ನಾವು ಮಕ್ಕಳಿಗೆ ಹೊಳೆಯ ಬಗ್ಗೆ ಹೇಳಿಕೊಟ್ಟಿರುವುದು ಒಂದೇ ಮಾತು: ಹತ್ತಿರ ಹೋಗಬೇಡ. ಮಕ್ಕಳು ಕೇಳುವುದಿಲ್ಲ. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಯಾರಿಗೂ ಹೇಳದೆ ನಾಲ್ಕೈದು ಹುಡುಗರು ಬೈಕಿನಲ್ಲಿ ಹೋಗುತ್ತಾರೆ. ಎಲ್ಲಿ ಮಡು ಇದೆ, ಎಲ್ಲಿ ಸುಳಿ ಇದೆ, ಪಾಚಿ ಕಟ್ಟಿದ ಬಂಡೆ ಹೇಗೆ ಜಾರುತ್ತದೆ, ಕಟ್ಟೆಯಿಂದ ನೀರು ಬಿಟ್ಟರೆ ಎಷ್ಟು ಬೇಗ ಏರುತ್ತದೆ, ಒಂದೂ ಗೊತ್ತಿರುವುದಿಲ್ಲ. ಯಾರೂ ತೋರಿಸಿರುವುದಿಲ್ಲ. 'ಅಪಾಯ, ಈಜುವುದನ್ನು ನಿಷೇಧಿಸಿದೆ' ಅನ್ನುವ ಬೋರ್ಡಿನ ಕೆಳಗೇ ಬಟ್ಟೆ ಕಳಚಿಟ್ಟು ನೀರಿಗಿಳಿಯುತ್ತಾರೆ. ಬೋರ್ಡು ಬೇಡ ಅಂತ ನಾನು ಹೇಳುವುದಿಲ್ಲ, ಬೇಕೇ ಬೇಕು. ಆದರೆ ದೊಡ್ಡವರ ಕೈ ಹಿಡಿದು, ಜಾಕೆಟ್ಟು ಹಾಕಿಕೊಂಡು ಒಮ್ಮೆ ಮೊಣಕಾಲು ನೀರಿನಲ್ಲಿ ನಿಂತು, ಸೆಳೆತ ಅಂದರೆ ಏನು ಅಂತ ಕಾಲಿನಲ್ಲಿ ತಿಳಿದುಕೊಂಡ ಮಗು ಮುಂದೆ ಸುಮ್ನೆ ಧುಮುಕುವುದಿಲ್ಲ.

ಹೆಣ್ಣುಮಕ್ಕಳದು ಬೇರೆಯೇ ಕಥೆ. ನಮ್ಮ ಕಡೆ ಹುಡುಗರು ಹೇಗೋ ಕಾಲುವೆಯಲ್ಲೋ ಬಾವಿಯಲ್ಲೋ ಈಜು ಕಲಿತುಬಿಡುತ್ತಾರೆ. ಹುಡುಗಿಯರು ಹೊಳೆಗೆ ಹೋಗುವುದು ಬಟ್ಟೆ ಒಗೆಯಲು, ಇಲ್ಲ ಹಬ್ಬದ ದಿನ ತಲೆ ಮೇಲೆ ನೀರು ಹಾಕಿಕೊಳ್ಳಲು. ಹತ್ತು ಹನ್ನೆರಡು ವರ್ಷವಾದ ಮೇಲೆ ಅದೂ ನಿಂತುಹೋಗುತ್ತದೆ. ನಾನೂ ಹಾಗೇ ಬೆಳೆದವಳು. ಹೊಳೆ ದಂಡೆಯಲ್ಲಿ ಹುಟ್ಟಿ, ಮೂವತ್ತೈದನೇ ವಯಸ್ಸಿನಲ್ಲಿ ಮೈಸೂರಿನ ಸರಸ್ವತಿಪುರಂ ಈಜುಕೊಳದಲ್ಲಿ ಮೊದಲ ಸಲ ನೀರಿನೊಳಗೆ ಕಣ್ಣು ಬಿಟ್ಟೆ. ಅವತ್ತು ಅಳು ಬಂತು. ಇಷ್ಟು ವರ್ಷ ಯಾರೂ ಯಾಕೆ ಇದನ್ನು ನನಗೆ ಕೊಡಲಿಲ್ಲ ಅನಿಸಿತು.

ಹೊಳೆಯಲ್ಲಿ ಸ್ನಾರ್ಕೆಲಿಂಗ್ ಅಂದರೆ ಈಜುವುದಲ್ಲ, ತೆವಳುವುದು. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಕೊನಸಾಗಾ ಅನ್ನುವ ಒಂದು ಸಣ್ಣ ನದಿ ಇದೆ. ನಮ್ಮ ಕಾವೇರಿಯ ಮುಂದೆ ಅದು ಹಳ್ಳ. ಆದರೆ ಅದರಲ್ಲಿ 70ಕ್ಕೂ ಹೆಚ್ಚು ಬಗೆಯ ಮೀನುಗಳಿವೆ. ಅಲ್ಲಿನ ಅರಣ್ಯ ಇಲಾಖೆಯೇ ಶಾಲಾ ಮಕ್ಕಳಿಗೆ ಮೈ ಬೆಚ್ಚಗಿಡುವ ಸೂಟು, ಮಾಸ್ಕು, ಕೊಳವೆ ಕೊಟ್ಟು ಸಿಬ್ಬಂದಿ ಜೊತೆ ನೀರಿಗೆ ಕರೆದೊಯ್ಯುತ್ತದೆ. ಮಕ್ಕಳು ಆಳವಿಲ್ಲದ ನೀರಿನಲ್ಲಿ ಹೊಟ್ಟೆ ಮೇಲೆ ಮಲಗಿ, ಕಲ್ಲು ಹಿಡಿದುಕೊಂಡು ಮೆಲ್ಲಗೆ ಮುಂದೆ ಸರಿಯುತ್ತಾರೆ. ಮೀನುಗಳು ಮುಖದ ಹತ್ತಿರವೇ ಓಡಾಡುತ್ತವೆ. ಅಲ್ಲಿನ ನೀರು ಬೇರೆ, ಇಲ್ಲಿನ ನೀರು ಬೇರೆ, ಅಲ್ಲಿ ಮೊಸಳೆ ಇಲ್ಲ, ಇದೆಲ್ಲ ನನಗೆ ಗೊತ್ತು. ಒಂದು ಸರ್ಕಾರಿ ಇಲಾಖೆ ಮನಸ್ಸು ಮಾಡಿದರೆ ಇಂಥದ್ದನ್ನು ಶಿಸ್ತಾಗಿ ನಡೆಸಬಹುದು ಅನ್ನುವುದಷ್ಟೇ ನಾನು ಅಲ್ಲಿಂದ ತೆಗೆದುಕೊಂಡದ್ದು.

ಇಲ್ಲಿ ಆಗುತ್ತದಾ ಅಂತ ನೋಡಬೇಕಿತ್ತು. ಬೇರೆಯವರ ಮಕ್ಕಳನ್ನು ಇಟ್ಟುಕೊಂಡು ನೋಡುವಂತಿಲ್ಲ. ಹಾಗಾಗಿ ಹೋದ ಜನವರಿಯಲ್ಲಿ ನನ್ನ ಮಗಳು ಮತ್ತು ತಂಗಿಯ ಮಗನನ್ನು ಕರೆದುಕೊಂಡು ಹೋದೆ. ಇಬ್ಬರಿಗೂ ಈಜು ಬರುತ್ತದೆ. ಜೊತೆಗೆ ನಮ್ಮ ಕಡೆಯ ತೆಪ್ಪದ ಅಣ್ಣ ಒಬ್ಬರು. ನಲವತ್ತು ವರ್ಷ ಈ ನೀರಿನಲ್ಲೇ ಬಲೆ ಬೀಸಿದವರು. ಮೊಸಳೆ ಎಲ್ಲಿ ಬಿಸಿಲು ಕಾಯುತ್ತವೆ, ಯಾವ ಕಡೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಆದರೂ ಅರಣ್ಯ ಇಲಾಖೆಯ ಸಿಬ್ಬಂದಿಯೊಬ್ಬರನ್ನು ವಿಚಾರಿಸಿಕೊಂಡೇ ಹೋದೆವು. ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಜನ ನುಗ್ಗುತ್ತಾರೆ. ನೀವು ಕರೆದರೆ ಬಂದು ತೋರಿಸುತ್ತೇನೆ.

ಹೊಳೆ ಅಲ್ಲಿ ಬಂಡೆಗಳ ನಡುವೆ ಸಣ್ಣ ಕವಲಾಗಿ ಹರಿಯುತ್ತದೆ. ಮೊಣಕಾಲಿನಷ್ಟು ನೀರು, ತಳದಲ್ಲಿ ಮರಳು ಮತ್ತು ಬೆಣಚು ಕಲ್ಲು. ಬೆಳಗ್ಗೆ ಹತ್ತು ಗಂಟೆಯ ಬಿಸಿಲು ತಳದವರೆಗೂ ಬಿದ್ದಿತ್ತು. ಮಕ್ಕಳು ಕೆಳಮುಖವಾಗಿ ಹೊರಟಾಗ ತೆಪ್ಪದ ಅಣ್ಣ ತಡೆದರು. 'ಹಂಗಲ್ಲ ಮೇಡಮ್ಮೋರೆ, ನೀರಿಗೆ ಎದುರಾಗಿ ಹೋಗ್ಲಿ. ಕೆಳಕ್ಕೆ ಹೋದ್ರೆ ಇವರು ಎಬ್ಬಿಸಿದ ರಾಡಿ ಇವರ ಮುಂದೇನೇ ಬತ್ತದೆ. ಮೀನು ಯಾವಾಗ್ಲೂ ನೀರಿಗೆ ಎದುರಾಗಿ ಮಕ ಇಟ್ಟಿರ್ತದೆ. ಹಿಂದ್ಗಡೆಯಿಂದ ಹೋದ್ರೆ ಅದಕ್ಕೆ ಕಾಣಾಕಿಲ್ಲ.' ಎರಡೇ ಮಾತಿನಲ್ಲಿ ಎಷ್ಟು ವಿಜ್ಞಾನ ಇದೆ ನೋಡಿ. ಹರಿವ ನೀರು ಆಹಾರ ಹೊತ್ತು ತರುತ್ತದೆ, ಅದಕ್ಕೇ ಮೀನು ಎದುರು ಮುಖ ಮಾಡಿ ಕಾಯುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಲು ಅರ್ಧ ಪೀರಿಯಡ್ಡು ಬೇಕು.

ಮಾಸ್ಕಿನ ಗಾಜಿಗೆ ಒಳಗಡೆ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಮಗಳು ಮೊದಲು ಅಸಹ್ಯ ಪಟ್ಟಳು, ಆಮೇಲೆ ತಾನೇ ತಮ್ಮನ ಮಾಸ್ಕಿಗೂ ಹೇಳಿಕೊಟ್ಟಳು. ಇಬ್ಬರೂ ಜಾಕೆಟ್ಟು ಹಾಕಿಕೊಂಡೇ ಅಂಗೈ ಊರಿ ಮಲಗಿದರು. ನಾನು ಒಬ್ಬಳ ಪಕ್ಕ, ಅಣ್ಣ ಇನ್ನೊಬ್ಬನ ಪಕ್ಕ. ಕೊಳವೆಯಿಂದ ಅವರ ಉಸಿರು ಬುಸ್ ಬುಸ್ ಅನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ.

ನಾನೂ ಮುಖ ಮುಳುಗಿಸಿದೆ. ಮೊದಲಿಗೆ ಬರೀ ಕಲ್ಲು. ಅಲುಗಾಡದೆ ಒಂದೆರಡು ನಿಮಿಷ ಇದ್ದಮೇಲೆ ಕಲ್ಲುಗಳಿಗೆ ಜೀವ ಬಂತು. ಬೆರಳುದ್ದದ ಗೆಂಡೆ ಮರಿಗಳು ಇಪ್ಪತ್ತೋ ಮೂವತ್ತೋ ಒಟ್ಟಾಗಿ ಬಂದು ನನ್ನ ಕೈ ಪಕ್ಕ ನಿಂತವು. ಒಂದು ಮೀನು ಬಂಡೆಗೆ ಹೊಟ್ಟೆ ಒತ್ತಿ ಅಂಟಿಕೊಂಡಿತ್ತು. ಅದರ ಗದ್ದದ ಕೆಳಗೆ ಬಟ್ಟಲಿನಂಥ ಹೀರುವ ಅಂಗ ಇರುತ್ತದೆ. ನೀರು ಎಷ್ಟು ರಭಸವಾಗಿ ಬಂದರೂ ಅದು ಅಲುಗಲಿಲ್ಲ, ಪಾಚಿ ಕೆರೆಯುತ್ತಾ ಮುಂದೆ ಮುಂದೆ ಹೋಯಿತು. ಸಿಗಡಿ ಮರಿಯೊಂದು ಗಾಜಿನಲ್ಲಿ ಮಾಡಿದ ಹಾಗಿತ್ತು. ಅದರ ಹೊಟ್ಟೆಯೊಳಗಿನ ಕಪ್ಪು ಗೆರೆ ಕೂಡ ಕಾಣುತ್ತಿತ್ತು. ಒಂದು ಕಲ್ಲಿನ ಬದಿಯಲ್ಲಿ ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಪುಟ್ಟ ಕೊಳವೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರೊಳಗಿಂದ ಒಂದು ಹುಳ ತಲೆ ಹೊರಗೆ ಹಾಕಿ ಮತ್ತೆ ಒಳಗೆ ಎಳೆದುಕೊಂಡಿತು. ಮನೆ ಕಟ್ಟಿಕೊಳ್ಳುವ ಹುಳ ಅದು. ಹೊಳೆಯ ಮರಳನ್ನು ಲಾರಿಗೆ ತುಂಬಿಕೊಂಡು ಹೋದಾಗ ಹೋಗುವುದು ಇವುಗಳ ಊರು.

ಮಗಳು ನನ್ನ ತೋಳು ಜಗ್ಗಿದಳು. ತಲೆ ಎತ್ತಿ ಕೊಳವೆ ಉಗುಳಿ, 'ಅಮ್ಮಾ, ಅದು ಕೈ ಚಾಚ್ತು!' ಅಂದಳು. ಏರೋಪ್ಲೇನ್ ಚಿಟ್ಟೆಯ ಮರಿ. ಚಿಟ್ಟೆಯಾಗಿ ಹಾರುವ ಮೊದಲು ಅದು ನೀರಿನಲ್ಲೇ ಬೆಳೆಯುತ್ತದೆ. ಕೆಳದವಡೆಯನ್ನು ಕೈಯ ಹಾಗೆ ಮುಂದೆ ಚಾಚಿ ಬೇಟೆ ಹಿಡಿಯುತ್ತದೆ. ನಮ್ಮ ಅಂಗಳದಲ್ಲಿ ದಿನಾ ಹಾರಾಡುವ ಚಿಟ್ಟೆಯ ಬಾಲ್ಯ ಹೊಳೆಯಲ್ಲಿದೆ ಅಂತ ಅವಳಿಗೆ ಹದಿಮೂರು ವರ್ಷವಾದರೂ ಗೊತ್ತಿರಲಿಲ್ಲ. ಓದಿದ್ದಳು, ಆದರೆ ಗೊತ್ತಿರಲಿಲ್ಲ.

ಎರಡು ಮಾರು ದೂರದಲ್ಲಿ ಒಂದು ಹಳೇ ಸೀರೆ ಕಲ್ಲಿಗೆ ಸುತ್ತಿಕೊಂಡು ಬಿದ್ದಿತ್ತು. ಅದರ ಮಡಿಕೆಯಲ್ಲಿ ಶಾಂಪೂ ಪೊಟ್ಟಣ, ಗುಟ್ಕಾ ಪೊಟ್ಟಣ, ಒಂದು ದೇವರ ಫೋಟೋದ ಚೌಕಟ್ಟು. ಸೀರೆ ಬಿದ್ದ ಜಾಗದಲ್ಲಿ ಕಲ್ಲು ಕಪ್ಪಗೆ ಕೊಳೆತ ಹಾಗಿತ್ತು, ಒಂದು ಹುಳವೂ ಇರಲಿಲ್ಲ. ಇಬ್ಬರೂ ಮಕ್ಕಳು ಅದನ್ನು ನೋಡಿದರು. ನಾನು ಏನೂ ಹೇಳಲಿಲ್ಲ. ವಾಪಸ್ ಬರುವಾಗ ತಂಗಿಯ ಮಗ ಸೀರೆಯನ್ನು ಎಳೆದುಕೊಂಡು ಬಂದು ದಡಕ್ಕೆ ಹಾಕಿದ. ಭಾರಕ್ಕೆ ಎರಡು ಸಲ ಬಿದ್ದ.

ಇದಾದ ಮೇಲೆ ನನ್ನ ಕ್ಲಾಸಿನ ಮಕ್ಕಳಿಗೂ ಇದೇ ಸಿಗಬೇಕು ಅಂತ ಒಂದು ಕಚೇರಿಗೆ ಅರ್ಜಿ ಬರೆದೆ. ಎರಡು ಪುಟ, ಮುಂಜಾಗ್ರತೆಗಳನ್ನೆಲ್ಲ ಬರೆದಿದ್ದೆ. 'ನೀರಿನ ಹತ್ತಿರ ಬೇಡ ಮೇಡಂ, ಬೇರೆ ಎಲ್ಲಾದರೂ ಕರ್ಕೊಂಡು ಹೋಗಿ' ಅಂತ ಬಾಯಿ ಮಾತಿನಲ್ಲೇ ಉತ್ತರ ಬಂತು. ಹೇಳಿದವರನ್ನು ನಾನು ದೂರುವುದಿಲ್ಲ. ಏನಾದರೂ ಆದರೆ ಮೊದಲು ಅಮಾನತಾಗುವವರು ಅವರೇ. ಆ ಸಲ ನಮ್ಮ ಮಕ್ಕಳು ಒಂದು ವಾಟರ್ ಪಾರ್ಕಿಗೆ ಹೋದರು. ಅಲ್ಲಿಯೂ ಇದ್ದದ್ದು ಸೊಂಟದುದ್ದದ ನೀರು. ಒಂದೇ ಕೊಳದಲ್ಲಿ ಮೂರು ಶಾಲೆಯ ಮಕ್ಕಳು, ಯಾರ ಮೈ ಮೇಲೂ ಜಾಕೆಟ್ಟಿಲ್ಲ. ನನ್ನ ಕಣ್ಣು ದಿನವಿಡೀ ತಲೆ ಎಣಿಸುವುದರಲ್ಲೇ ಇತ್ತು. ಆ ಪ್ರವಾಸಕ್ಕೆ ಅನುಮತಿ ಸಿಗಲು ತಡವಾಗಲಿಲ್ಲ.

ಇನ್ನು ನೀರಿನೊಳಗೆ ನೋಡಲು ಅಂಥದ್ದೇನಿದೆ ಅಂತ ಕೇಳುವವರಿಗೆ ಬಿಳಿ ಮೀನಿನ ವಿಷಯ ಹೇಳಬೇಕು. ಆ ಹುಡುಗನ ಚೀಟಿಯಲ್ಲಿತ್ತಲ್ಲ, ಅದೇ. ಇಂಗ್ಲಿಷಿನವರು ಮಹಶೀರ್ ಅನ್ನುತ್ತಾರೆ. ಬೆನ್ನಿನ ಮೇಲೆ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ ಬಿಳಿ ಮೀನು ಹಿಡಿದರು. ಅಂದರೆ 54 ಕೆ.ಜಿ. ನಮ್ಮ ಹೈಸ್ಕೂಲಿನಲ್ಲಿ ಅಷ್ಟು ತೂಕದ ಮಕ್ಕಳು ಕಡಿಮೆ. ಇಂಥ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದು ಟೋರ್ ರೆಮಾದೇವಿ ಜಾತಿಯದು ಅಂತ ವಿಜ್ಞಾನಿಗಳು ಖಚಿತ ಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಹೆಸರು ಖಾತ್ರಿಯಾಗುವ ಹೊತ್ತಿಗೆ ಮುಗಿದೇ ಹೋಗುವ ಸ್ಥಿತಿಗೆ ಬಂದಿತ್ತು. ಡೈನಮೈಟ್ ಹಾಕಿ ಮೀನು ಕೊಲ್ಲುವುದು, ಅಣೆಕಟ್ಟುಗಳು, ಮರಳು ತೆಗೆಯುವುದು, ಎಲ್ಲದರ ಏಟೂ ಬಿತ್ತು. ಇನ್ನೊಂದು ಕಾರಣ ಕೇಳಿದರೆ ಬೇಜಾರಾಗುತ್ತದೆ. ಮಹಶೀರ್ ಉಳಿಸೋಣ ಅಂತ ಒಳ್ಳೇ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅವು ನೀಲಿ ರೆಕ್ಕೆಯ ಬೇರೆ ಜಾತಿಯವು. ಅವು ಹೆಚ್ಚಿದವು, ನಮ್ಮ ಗೂನು ಬೆನ್ನಿನದು ಕಡಿಮೆಯಾಯಿತು.

ಮೊಣಕಾಲು ನೀರಿನಲ್ಲಿ ನಮ್ಮ ಮಕ್ಕಳಿಗೆ ಬಿಳಿ ಮೀನು ಸಿಗುವುದಿಲ್ಲ, ಆ ಆಸೆ ಯಾರೂ ಇಟ್ಟುಕೊಳ್ಳಬಾರದು. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಕಾವೇರಿಯಲ್ಲಿ ಮೀನು ಹಿಡಿಯುವುದಿಲ್ಲ. ಅಲ್ಲಿ ಮೆಟ್ಟಿಲ ಮೇಲೆ ಕೂತೇ ದೊಡ್ಡ ಮೀನುಗಳನ್ನು ನೋಡಬಹುದು. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಅಂದರೂ ನನಗೆ ಸಂತೋಷವೇ.

ನೀರಿನೊಳಗಿನದು ನೀರಿನ ಮೇಲಿನದಕ್ಕೂ ತಟ್ಟುತ್ತದೆ. ರಂಗನತಿಟ್ಟು ನೋಡಿ. 1940ರಲ್ಲಿ ಪಕ್ಷಿಧಾಮ ಆಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಇಡೀ ಪ್ರಪಂಚಕ್ಕೇ ಮುಖ್ಯವಾದ ಜೌಗು ಪ್ರದೇಶ, ಆಯಿತು. ನಮಗೆಲ್ಲ ಹೆಮ್ಮೆ. ಆದರೆ ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ರೀವ, ನೀರುನಾಯಿ, ಮೊಸಳೆ, ಇವೆಲ್ಲ ಬದುಕಿರುವುದು ಮೀನಿನ ಮೇಲೆ. ದೋಣಿಯಲ್ಲಿ ಕೂತ ಮಕ್ಕಳು ಕೊಂಬೆ ನೋಡುತ್ತಾರೆ, ದೋಣಿಯ ಕೆಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ 2017-18ರ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಒಂದರ ಹಿಂದೆ ಒಂದು ಮರದಿಂದ ಬಿದ್ದು ಸತ್ತವು. ಊರಿನವರು ಅವನ್ನು ಮನೆಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡವರು, ಅವರ ಸಂಕಟ ಹೇಳತೀರದು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಅದು ಬಂದದ್ದು ಅವು ತಿಂದ ಮೀನಿನಿಂದ. ಮರದ ಮೇಲಿನ ಹಕ್ಕಿಯ ಸಾವಿಗೆ ಕಾರಣ ಹುಡುಕಲು ನೀರಿಗೆ ಇಳಿಯಬೇಕಾಯಿತು.

ಹೇಗೆ ಮಾಡಬೇಕು ಅನ್ನುವುದರ ಬಗ್ಗೆ ನನಗೆ ತೋಚಿದ್ದನ್ನು ಬರೆಯುತ್ತೇನೆ. ತಿದ್ದುವ ಅಧಿಕಾರ ನಿಮ್ಮದು.

ಮೊದಲ ಮೆಟ್ಟಿಲು ಈಜುಕೊಳ. ಹೊಳೆಗೆ ಹೋಗುವ ಮೊದಲು ಪ್ರತಿ ಮಗುವೂ ಕೊಳದಲ್ಲಿ ಮಾಸ್ಕು ಹಾಕಿ, ಕೊಳವೆ ಕಚ್ಚಿ ಉಸಿರಾಡುವುದನ್ನು ಕಲಿಯಲಿ. ಗಾಬರಿಯಾದರೆ ಎದ್ದು ನಿಲ್ಲುವುದನ್ನು ಹತ್ತು ಸಲ ಮಾಡಲಿ. ಹೆದರುವ ಮಗುವನ್ನು ಬಲವಂತ ಮಾಡುವುದು ಬೇಡ. ಅಂಥವರಿಗೆ ನಮ್ಮ ತೆಪ್ಪದ ಅಣ್ಣ ಮಾಡಿಕೊಟ್ಟ ಬಕೆಟ್ ಇದೆ. ಹಳೇ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಲ್ಲಿ ದಪ್ಪ ಪಾರದರ್ಶಕ ಹಾಳೆ ಕೂರಿಸಿ, ಅಕ್ವೇರಿಯಂ ಅಂಗಡಿಯ ಗಮ್ ಹಾಕಿದ್ದಾರೆ. ದಡದಲ್ಲಿ ಕೂತು ಅದನ್ನು ನೀರಿಗೆ ಒತ್ತಿ ಒಳಗೆ ಮುಖ ಇಟ್ಟರೆ ಮೇಲಿನ ಹೊಳಪು ಹೋಗಿ ತಳವೆಲ್ಲ ಕಾಣುತ್ತದೆ. ಮೈ ಒದ್ದೆಯಾಗುವುದಿಲ್ಲ. ಬೇರೆ ಏನೂ ಆಗದಿದ್ದರೂ ಪ್ರತಿ ಶಾಲೆಗೂ ಇಂಥ ಎರಡು ಬಕೆಟ್ಟು ಸಿಗುವ ಹಾಗೆ ಮಾಡಿ.

ಜಾಗ ಆರಿಸುವುದು ಅರಣ್ಯ ಇಲಾಖೆಯ ಕೆಲಸ, ಟೀಚರ್‌ಗಳ ಕೆಲಸ ಅಲ್ಲ. ಮೊಸಳೆ ಓಡಾಡುವ ನೀರು ಬೇಡವೇ ಬೇಡ. ನಾಲೆಯಂತೂ ಯಾವತ್ತೂ ಬೇಡ, ಅದರ ಗೋಡೆ ಹಿಡಿದು ಹತ್ತಲು ಆಗುವುದಿಲ್ಲ. ಚರಂಡಿ ಸೇರುವ ಕಡೆ ಬೇಡ. ನೀರಿನ ಪರೀಕ್ಷೆ ಮಾಡಿಸಿ, ಗಾಯ ಇರುವ ಮಕ್ಕಳನ್ನು ಅವತ್ತು ಇಳಿಸುವುದು ಬೇಡ, ಇಲಿ ಜ್ವರದ ಭಯ ಇರುತ್ತದೆ. ಅವತ್ತು ಕಟ್ಟೆಯಿಂದ ಎಷ್ಟು ನೀರು ಬಿಡುತ್ತಾರೆ ಅಂತ ಕಾವೇರಿ ನೀರಾವರಿ ನಿಗಮದಿಂದ ಬೆಳಗ್ಗೆಯೇ ಬರಹದಲ್ಲಿ ತಿಳಿಸಲಿ. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು, ಒಂದು ಸಲಕ್ಕೆ ಎಂಟು ಮಕ್ಕಳಿಗಿಂತ ಜಾಸ್ತಿ ಬೇಡ. ಸೆಲ್ಫಿ ಬೇಡ. ಸೋಪು, ಎಣ್ಣೆ, ಪುರಿ ಎರಚುವುದು, ಮೀನು ಹಿಡಿಯುವುದು ಬೇಡ.

ಒಂದು ವಿಷಯ ಒತ್ತಿ ಹೇಳಬೇಕು. ದಡದಲ್ಲಿ ನಿಲ್ಲುವವರು ಹೊಳೆಯವರೇ ಆಗಿರಲಿ. ತೆಪ್ಪ ಹಾಕುವವರು, ಬಲೆ ಬೀಸುವವರು. ಯಾರಾದರೂ ಮುಳುಗಿದರೆ ಹುಡುಕಲು ಪೊಲೀಸರು ಕರೆಯುವುದು ಅವರನ್ನೇ. ಹೆಣ ತೆಗೆಯಲು ಅವರ ವಿದ್ಯೆ ಬೇಕು ಅನ್ನುವ ನಾವು, ಮಕ್ಕಳಿಗೆ ಹೊಳೆ ತೋರಿಸಲೂ ಅವರನ್ನು ಕರೆಯೋಣ. ಜೀವರಕ್ಷಕ ತರಬೇತಿ ಕೊಟ್ಟು, ದಿನಕ್ಕೆ ಇಷ್ಟು ಅಂತ ಗೌರವಧನ ಕೊಡಿ. ಆ ದಿನ ಬೆಸ್ತರ ಬೀದಿಯ ನಮ್ಮ ಹುಡುಗ ಕೊನೆ ಬೆಂಚಿನವನಾಗಿ ಇರುವುದಿಲ್ಲ, ಅವರಪ್ಪನೇ ಮೇಷ್ಟ್ರು.

ಹಣದ ವಿಷಯಕ್ಕೆ ಜಾಸ್ತಿ ಬರೆಯುವುದಿಲ್ಲ. ತಾಲ್ಲೂಕಿಗೆ ಒಂದು ಪೆಟ್ಟಿಗೆ ಮಾಸ್ಕು, ಕೊಳವೆ, ಜಾಕೆಟ್ಟು ಇದ್ದರೆ ಶಾಲೆಯಿಂದ ಶಾಲೆಗೆ ಸುತ್ತಿಸಬಹುದು. ಕಾಡು ನೋಡದ ಮಕ್ಕಳಿಗೆ ಕಾಡು ತೋರಿಸಲು ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಇದೆ. ನಮ್ಮ ಜಿಲ್ಲೆಯಲ್ಲಿ ಅದರ ಜೊತೆಗೇ ಒಂದು ದಿನ ನದಿ ದರ್ಶನ ಸೇರಿಸಿದರೆ ಹೊಸ ಯೋಜನೆಯೇ ಬೇಕಾಗುವುದಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅನುಮತಿ ಪತ್ರ ಮನೆಗೆ ಬಂದಾಗ ಮಗನದಕ್ಕೆ ಸಹಿ ಹಾಕಿ ಮಗಳದನ್ನು ಪಕ್ಕಕ್ಕೆ ಇಡಬೇಡಿ. ಟ್ರ್ಯಾಕ್ ಪ್ಯಾಂಟು, ತುಂಬು ತೋಳಿನ ಟೀ ಶರ್ಟು ಸಾಕು. ಹುಡುಗಿಯರ ಗುಂಪಿಗೆ ಹೆಂಗಸರೇ ಇರುತ್ತೇವೆ. ಬಟ್ಟೆ ಬದಲಿಸಲು ಟೆಂಟು ಇರುತ್ತದೆ. ತಿಂಗಳ ದಿನ ಬಂದಿದ್ದರೆ ಬೇರೆ ದಿನ ಕೊಡೋಣ. ನಿಮಗೆ ಧೈರ್ಯ ಸಾಲದಿದ್ದರೆ ನೀವೂ ಬನ್ನಿ, ದಡದಲ್ಲಿ ನಿಂತು ನೋಡಿ. ಆಮೇಲೆ ಬಕೆಟ್ಟಿನಲ್ಲಿ ಒಂದು ಸಲ ಇಣುಕಿ ನೋಡಿ.

ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ನೀರು ತಿಳಿಯಾಗಿರುತ್ತದೆ. ಆಮೇಲೆ ಪರೀಕ್ಷೆ ಬರುತ್ತದೆ, ನೀರೂ ಇಳಿದು ಪಾಚಿ ಕಟ್ಟುತ್ತದೆ. ನವೆಂಬರ್ ಒಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಈ ವರ್ಷದ ಎಂಟನೇ ಕ್ಲಾಸಿನವರಿಗೇ ಸಿಗುತ್ತದೆ. ಪೂರ್ತಿ ಜಿಲ್ಲೆಗೆ ಆಗದಿದ್ದರೆ ಒಂದು ಶಾಲೆ, ಎಂಟು ಮಕ್ಕಳು, ಒಂದು ಬೆಳಗ್ಗೆ. ನಿಮ್ಮ ಅಧಿಕಾರಿಗಳು ಬಂದು ನೋಡಲಿ. ಅವರಿಗೂ ನಮ್ಮಲ್ಲಿ ಒಂದು ಹೆಚ್ಚಿನ ಮಾಸ್ಕು ಇದೆ.

ಈ ವರ್ಷವೂ ಅದೇ ಚೀಟಿ ಕೊಟ್ಟಿದ್ದೇನೆ. ಐದು ಮೀನಿನ ಹೆಸರು ಬರೆಯಿರಿ ಅಂತ. ಬಿಚ್ಚಿ ನೋಡಿಲ್ಲ, ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ನೀವು ಅನುಮತಿ ಕೊಟ್ಟರೆ, ಹೊಳೆಯಿಂದ ಬಂದ ದಿನ ಸಂಜೆ ಇನ್ನೊಮ್ಮೆ ಬರೆಸಿ ಎರಡನ್ನೂ ಒಟ್ಟಿಗೆ ನಿಮಗೆ ಕಳಿಸುತ್ತೇನೆ.

ಇಂತಿ,
ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ವಿಜ್ಞಾನ ಶಿಕ್ಷಕಿ